ಹಸಿರು ಬೋರ್ಡಿಗೊಂದು ದೃಷ್ಟಿಬೊಟ್ಟು

"ಇದೇನಪ, ರಿಮೋಟಿನ ಹೊಟ್ಟಿ ಬಗ್ದು ಇಟ್ಕಂಡೀಯ?" ಅಂದಳು ಅವ್ವ.

ನಮ್ಮ ಊಟದ ಮೇಜಿನ ಮೇಲೆ ರಾಸ್ಪ್‌ಬೆರಿ ಪೈ 5 ಬಂದು ಕೂತ ಮೊದಲ ಸಂಜೆ ಅದು. ಕಂಪ್ಯೂಟರ್ ಅವ್ವ, ಅಂದೆ. ಅವಳು ಸುತ್ತ ಕಣ್ಣಾಡಿಸಿ, "ಎಲ್ಲೈತಿ?" ಅಂತ ಕೇಳಿದಳು.

ಅವಳ ತಪ್ಪಲ್ಲ. 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ಅಂಗೈ ಮೇಲಿಟ್ಟರೆ ಬೆರಳೆಲ್ಲ ಹೊರಗೇ. ಡಬ್ಬಿಯಿಲ್ಲ, ಪರದೆಯಿಲ್ಲ, ಕೀಬೋರ್ಡಿಲ್ಲ. ಉಳಿದ ಕಂಪ್ಯೂಟರುಗಳು ಪೇಟ ಸುತ್ತಿ ಶಲ್ಯ ಹೊದ್ದು ಬಂದರೆ, ಇದು ಈಜಿ ಬಾವಿಯಿಂದ ಎದ್ದು ಬಂದ ಹುಡುಗನ ಹಾಗೆ ಬತ್ತಲೆ. ನನಗೆ ಇಷ್ಟವಾದದ್ದೇ ಅದು. ಪ್ರೊಸೆಸರು, ಪಕ್ಕದಲ್ಲಿ ಮೆಮೊರಿ, ಅಂಚಿನಲ್ಲಿ ಎರಡು ಸಾಲಾಗಿ ನಿಂತ 40 ಪಿನ್ನು, ಎಲ್ಲ ಕಣ್ಣೆದುರೇ. ಆ ಪಿನ್ನುಗಳಿಗೆ ವೈರು ಕೊಟ್ಟು ದೀಪ ಹೊತ್ತಿಸಬಹುದು, ಸಂಪಿನಲ್ಲಿ ನೀರೆಷ್ಟಿದೆ ಅಂತ ನೋಡಬಹುದು. ಆವತ್ತು ಮಾತ್ರ ಅಲ್ಲಿ ಸಿಕ್ಕಿಕೊಂಡಿದ್ದು ಒಂದು ಮಂಡಕ್ಕಿ ಕಾಳು. ದಾವಣಗೆರೆಯಲ್ಲಿ ಸಂಜೆ ಹೊತ್ತು ಯಾವ ಕೆಲಸಕ್ಕೆ ಕೂತರೂ ಪಕ್ಕದಲ್ಲಿ ಪೇಪರು ಹಾಸಿ ಮಂಡಕ್ಕಿ-ಮೆಣಸಿನಕಾಯಿ ಸುರುವಿರಬೇಕಲ್ಲ! ಊದಿನಕಡ್ಡಿಯ ಹಿಂಬದಿಯಿಂದ ಮೀಟಿ ತೆಗೆದೆ. ಪುಣ್ಯಕ್ಕೆ ಇನ್ನೂ ಕರೆಂಟು ಕೊಟ್ಟಿರಲಿಲ್ಲ.

ಕರೆಂಟಿನದೇ ಒಂದು ಕಥೆ. ಈ ವಂಶದ ಮೊದಲ ಕೂಸು ಮಾರಾಟಕ್ಕೆ ಬಂದದ್ದು 2012ರ ಫೆಬ್ರುವರಿ 29ರಂದು. ಹುಟ್ಟುಹಬ್ಬ ನಾಲ್ಕು ವರ್ಷಕ್ಕೊಮ್ಮೆ. ಆಗ ಬೆಲೆ 35 ಡಾಲರ್. ಒಳ್ಳೆಯ ಫೋನ್ ಚಾರ್ಜರು ಕೊಟ್ಟರೆ ಉಂಡು ಸುಮ್ಮನಿರುತ್ತಿತ್ತು. 2023ರಲ್ಲಿ ಬಂದ ಈ ಐದನೆಯದು 60 ಡಾಲರಿನಿಂದ ಶುರುವಾಯಿತು. 5 ವೋಲ್ಟಿನಲ್ಲಿ 5 ಆಂಪಿಯರ್ ಬಡಿಸಿದರಷ್ಟೇ ಹೊಟ್ಟೆ ತುಂಬುತ್ತದೆ. ಹಳೆಯ 3 ಆಂಪಿಯರ್ ಚಾರ್ಜರು ಚುಚ್ಚಿದೆ. ಎದ್ದಿತು, ಆದರೆ ಯುಎಸ್‌ಬಿ ಕಡೆಗೆ 600 ಮಿಲಿಆಂಪಿಯರ್ ಮೇಲೆ ಬಿಡಲೇ ಇಲ್ಲ. ತಾನು ಉಂಡು, ಪಕ್ಕದ ಹಾರ್ಡ್‌ಡಿಸ್ಕನ್ನು ಉಪವಾಸ ಕೆಡವಿತು. ಆಮೇಲೆ ಚಾರ್ಜರು, ಏಪ್ರಿಲ್ ಸೆಕೆಗೆ ಫ್ಯಾನು, ಮೆಮೊರಿ ಕಾರ್ಡು, ಟಿವಿಗೆ ಬೇರೆಯೇ ಥರದ ಕೇಬಲ್ಲು. ಮೂರು ಕಾಸಿನ ಕುದುರೆಗೆ ಆರು ಕಾಸಿನ ಲಗಾಮು. ಹಳೆಯವುಗಳಲ್ಲಿದ್ದ ಇಯರ್‌ಫೋನ್ ತೂತನ್ನೂ ಇದರಲ್ಲಿ ಮುಚ್ಚಿದ್ದಾರೆ. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಆನ್ ಮಾಡುವ ಗುಂಡಿಯೊಂದು ಬಂದಿದೆ, ಒಪ್ಪುತ್ತೇನೆ. ಹನ್ನೊಂದು ವರ್ಷ ಬೇಕಾಯಿತು ಅದಕ್ಕೆ.

ಅಕ್ಕನ ಮಗ ಬಂದವನೇ ಮೊಬೈಲಿನಲ್ಲಿ ಫೋಟೊ ತೆಗೆಯಲು ಹೋದ. ಫ್ಲ್ಯಾಶ್ ಹೊಡೆದಾಗ ನನಗೆ ಇದರ ಅಣ್ಣನ ನೆನಪಾಗಿ ನಗು ಬಂತು. 2015ರಲ್ಲಿ ಬಂದ ಪೈ 2 ಫೋಟೊಕ್ಕೆ ಹೆದರುತ್ತಿತ್ತು! ಕ್ಯಾಮೆರಾದ ಕ್ಸೆನಾನ್ ಫ್ಲ್ಯಾಶ್ ಹತ್ತಿರದಿಂದ ಬಿದ್ದರೆ ಫಕ್ಕನೆ ಆಫ್. ಕರೆಂಟು ಹದ ಮಾಡುವ ಚಿಪ್ಪೊಂದಕ್ಕೆ ಮೇಲೆ ಹೊದಿಕೆಯೇ ಇರಲಿಲ್ಲ, ಸಿಲಿಕಾನ್ ಬರಿಮೈಯಲ್ಲಿತ್ತು. ಬೆಳಕು ಬಿದ್ದರೆ ಕರೆಂಟು ಹುಟ್ಟುವ ಗುಣ ಸಿಲಿಕಾನಿನದು, ಸೋಲಾರ್ ನಡೆಯುವುದೇ ಅದರಿಂದ. ಫ್ಲ್ಯಾಶಿನ ಪೆಟ್ಟಿಗೆ ಚಿಪ್ಪು ಲೆಕ್ಕ ತಪ್ಪುತ್ತಿತ್ತು. ಮೊಬೈಲಿನ ಎಲ್‌ಇಡಿ ಬೆಳಕಿಗೆ ಏನೂ ಆಗುತ್ತಿರಲಿಲ್ಲ.

ಅವ್ವ ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ದೃಷ್ಟಿ ತಾಗೈತಿ. ಒಂದು ಬೊಟ್ಟು ಇಟ್ಟಿದ್ರೆ ಆಗ್ತಿತ್ತಪ."

ಇಟ್ಟಿದ್ದರು! ಪೋಸ್ಟರ್ ಅಂಟಿಸುವ ಮೆತ್ತನೆ ಅಂಟನ್ನು ಚಿವುಟಿ ಆ ಚಿಪ್ಪಿನ ಮೇಲೆ ಒತ್ತಿದರೆ ಸಾಕು, ಫ್ಲ್ಯಾಶ್ ತಾಗುತ್ತಿರಲಿಲ್ಲ. ಇದನ್ನು ಮಾಡಿದ ಇಂಗ್ಲೆಂಡಿನ ಎಂಜಿನಿಯರುಗಳು ಹೇಳಿದ ಉಪಾಯವೂ ಅದೇ. ಕೇಳಿ ಅವ್ವನಿಗೆ ಆಶ್ಚರ್ಯವೇನೂ ಆಗಲಿಲ್ಲ. "ಮತ್ತೆ?" ಅಂದು ಒಗ್ಗರಣೆಗೆ ಸಾಸಿವೆ ಹಾಕಿದಳು.

ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಹೊಲಿಗೆ ಮಷೀನಿನ ಸಾಲಿನಲ್ಲಿ ಇದಕ್ಕೂ ಒಂದು ಮಣೆ ಸಿಕ್ಕಿತು. ಅವ್ವ ಒದ್ದೆ ಕುಂಕುಮದ ಬೆರಳು ಚಾಚಿ ಬಂದಾಗ ನನ್ನ ಜೀವ ಬಾಯಿಗೆ ಬಂತು.

"ಎಲ್ಲಿಡ್ಲಿ ಹೇಳು."

ವೈರು ಕಿತ್ತು, ಯುಎಸ್‌ಬಿಯ ತಗಡಿನ ನೆತ್ತಿ ತೋರಿಸಿದೆ. ಅಲ್ಲೇ ಇಟ್ಟಳು. ಒಂದು ಎಸಳು ಚೆಂಡುಹೂವನ್ನೂ ಫ್ಯಾನಿನ ಮೇಲೆ ಇಡಲು ಹೊರಟಿದ್ದಳು, ಕೈ ಹಿಡಿದು ಮಿಕ್ಸಿಯ ಕಡೆ ತಿರುಗಿಸಿದೆ.