ಸೆಪ್ಟೆಂಬರ್ ಬೇಡ ಮಗಾ, ದಸರಾ ಮುಗಿಸಿ ಬಾ

ಬೆಂಗಳೂರಿನ ಗೆಳೆಯನೊಬ್ಬ ಮೊನ್ನೆ ರಾತ್ರಿ ಮೆಸೇಜ್ ಹಾಕಿದ್ದ. "ಮಗಾ, ಸೆಪ್ಟೆಂಬರ್ ಕೊನೇ ವಾರ ಟಿಕೆಟ್ ಅಗ್ಗ ಇದೆ. ಲಾಸ್ ವೇಗಸ್‌ಗೆ ಬಂದ್ಬಿಡ್ತೀನಿ, ರೆಡ್ ರಾಕ್‌ನಲ್ಲಿ ಎರಡು ವಾರ ಬಂಡೆ ಹತ್ತೋಣ." ಬೇಡ, ಬಿಸಿಲು ಜಾಸ್ತಿ ಅಂದೆ. ಅದಕ್ಕೆ ಅವನು, "ಬಾದಾಮಿ ಬಿಸಿಲು ನೋಡಿದವನು ನಾನು, ನನಗೇನು ಹೇಳ್ತೀಯ" ಅಂತ ನಗುವ ಮುಖ ಕಳಿಸಿದ.

ನಾಲ್ಕು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. ಆಗ ಅನುಭವಿಸಿದ್ದನ್ನೆಲ್ಲ ಅವನಿಗೆ ಬರೆಯಲು ಕೂತರೆ ಮೆಸೇಜ್ ಉದ್ದ ಆಗುತ್ತಾ ಹೋಯಿತು. ಪ್ರತಿ ವರ್ಷ ಊರಿಂದ ಇಬ್ಬರು ಮೂವರಾದರೂ ಇದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೇ ಇಲ್ಲೇ ಬರೆದು ಹಾಕುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ರೆಡ್ ರಾಕ್ ಕ್ಯಾನಿಯನ್ ಇರುವುದು ಅಮೆರಿಕದ ನೆವಾಡಾದಲ್ಲಿ, ವೇಗಸ್‌ನ ಆ ಜಗಮಗ ಬೀದಿಯಿಂದ ಪಶ್ಚಿಮಕ್ಕೆ ಸುಮಾರು 27 ಕಿಲೋಮೀಟರ್. ಮೊಹಾವಿ ಮರುಭೂಮಿಯ ಅಂಚು. ಡೈನೋಸಾರ್ ಕಾಲದ ಮರಳಿನ ದಿಬ್ಬಗಳು ಗಟ್ಟಿಯಾಗಿ ಆದ ಕಲ್ಲು ಅದು, ಕಬ್ಬಿಣದ ಅಂಶಕ್ಕೆ ಕೆಂಪಾಗಿದೆ. ಬಾದಾಮಿಯದೂ ಮರಳುಗಲ್ಲೇ, ಬಣ್ಣವೂ ಹತ್ತಿರ ಹತ್ತಿರ ಅದೇ. ಮೊದಲ ಸಲ ಕಾರಿನಿಂದ ಇಳಿದಾಗ ಅಗಸ್ತ್ಯ ತೀರ್ಥದ ದಂಡೆ ನೆನಪಾಗಿ ಗಂಟಲು ಕಟ್ಟಿತ್ತು. ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. ಬಾದಾಮಿಯಲ್ಲಿ ನಾವು ಹತ್ತುವುದು ಹೆಚ್ಚಾಗಿ ಒಂದು ಹಗ್ಗದ ಎತ್ತರದ ಗೋಡೆ. ಬಿಸಿಲು ಜಾಸ್ತಿ ಆಯಿತಾ, ಇಳಿ, ನೆರಳಿಗೆ ಹೋಗು, ಗಿರ್ಮಿಟ್ ತಿನ್ನು, ಸಂಜೆ ಮತ್ತೆ ಬಾ. ಇಲ್ಲಿ ಆರೇಳು ಪಿಚ್, ಅಂದರೆ ಆರೇಳು ಹಗ್ಗದಷ್ಟು ಎತ್ತರ, ಮೇಲೆ ಹೋದಮೇಲೆ ಬಿಸಿಲು ಜಾಸ್ತಿ ಆದರೆ ಇಳಿಯುವುದೇ ಅರ್ಧ ದಿನದ ಕೆಲಸ.

ನನ್ನ ಮೊದಲ ಸಲದ ಕಥೆ ಅದೇ. ಸೆಪ್ಟೆಂಬರ್ 27ಕ್ಕೆ ಹೋಗಿದ್ದೆ. ಸೋಲಾರ್ ಸ್ಲ್ಯಾಬ್ ಅನ್ನುವ ಗೋಡೆ. ಹೆಸರಲ್ಲೇ ಸೂರ್ಯ ಇದ್ದಾನೆ, ಆದರೂ ನಮಗೆ ಹೊಳೆಯಲಿಲ್ಲ ನೋಡಿ. ದಕ್ಷಿಣಕ್ಕೆ ಮುಖ ಮಾಡಿದ ಸುಲಭದ ಗೋಡೆ, ಇಲ್ಲಿಯ ಕಷ್ಟದ ದರ್ಜೆಯಲ್ಲಿ 5.6 (ಅಂಕಿ ಹೆಚ್ಚಿದಷ್ಟೂ ಕಷ್ಟ), ಹಾಗಾಗಿ ಆರಾಮಾಗಿ ಹೋಗಿ ಬರೋಣ ಅಂತ ತಲೆಗೆ ಮೂರು ಲೀಟರ್ ನೀರು ಹಿಡಿದು ಹೊರಟೆವು. ಹನ್ನೊಂದೂವರೆಗೆ ನೀರು ಖಾಲಿ. ತಮಾಷೆ ಏನೆಂದರೆ ಬೆವರೇ ಕಾಣಲಿಲ್ಲ. ಗಾಳಿ ಅಷ್ಟು ಒಣ, ಬೆವರು ಬಂದ ತಕ್ಷಣ ಆರಿಹೋಗುತ್ತದೆ, ಮೈಯಿಂದ ನೀರು ಹೋಗುತ್ತಿರುವುದೇ ತಿಳಿಯುವುದಿಲ್ಲ. ಬಾದಾಮಿಯಲ್ಲಾದರೆ ಅಂಗಿ ಒದ್ದೆಯಾಗಿ ಎಚ್ಚರಿಸುತ್ತದೆ. ಇಲ್ಲಿ ಎಚ್ಚರಿಸಿದ್ದು ತಲೆನೋವು. ಜೊತೆಗಿದ್ದವನು ಗಂಟು ಹಾಕಲು ಎರಡು ಸಲ ತಪ್ಪಿದ. ಅದನ್ನು ನೋಡಿದ ಮೇಲೆ ನಾನು ಒಂದು ಮಾತೂ ಆಡದೆ ಇಳಿಯುವ ಹಗ್ಗ ಬಿಟ್ಟೆ.

ಆಮೇಲೆ ಬುದ್ಧಿವಂತನಾದೆ ಅಂದುಕೊಂಡು ಮರುವರ್ಷ ಥ್ಯಾಂಕ್ಸ್‌ಗಿವಿಂಗ್ ವಾರಕ್ಕೆ, ಅಂದರೆ ನವೆಂಬರ್ ಕೊನೆಗೆ ಹೋದೆ. ನಾಲ್ಕು ದಿನ ರಜೆ ಒಟ್ಟಿಗೆ ಸಿಗುತ್ತದೆ, ಇಲ್ಲಿರುವ ನಮ್ಮವರೆಲ್ಲ ಮಾಡುವುದು ಅದೇ. ಈ ಸಲ ಕ್ರಿಮ್ಸನ್ ಕ್ರಿಸಾಲಿಸ್ ಅನ್ನುವ ದಾರಿ ಮೇಲೆ ಕಣ್ಣು. ಉರಿಯೋಸ್ಟೆ ಅನ್ನುವ ಬಂಡೆ ಹತ್ತುವ ದಂಪತಿ 1970ರ ದಶಕದ ಕೊನೆಗೆ ಮೊದಲು ಹತ್ತಿ ತೆರೆದದ್ದು ಅದು, 5.8, ಒಂಬತ್ತು ಪಿಚ್, ಅಷ್ಟು ಚಂದದ ಗೋಡೆ ನಾನು ಬೇರೆ ಕಡೆ ನೋಡಿಲ್ಲ. ಆದರೆ ದಿನದ ಬಹುಪಾಲು ನೆರಳು. ಬುಡಕ್ಕೆ ನಡೆಯಲೇ ಒಂದೂವರೆ ಗಂಟೆ. ಮೂರನೇ ಪಿಚ್‌ಗೆ ಬೆರಳ ತುದಿ ನನ್ನದಾ ಕಲ್ಲಿನದಾ ಗೊತ್ತಾಗದ ಹಾಗೆ ಆಯಿತು. ಅದಕ್ಕಿಂತ ಹೆದರಿಸಿದ್ದು ಗಡಿಯಾರ. ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಬಂಡೆಗಳ ಬಳಿಗೆ ಹೋಗುವ ಒಳಗಿನ ರಸ್ತೆಯ ಗೇಟು ಐದಕ್ಕೆ ಮುಚ್ಚುತ್ತದೆ. ತಡವಾಗಿ ಹೊರಬರಲು ಬೇರೆ ಪರ್ಮಿಟ್ ಇದೆ, ನಾವು ಅದನ್ನು ತೆಗೆದುಕೊಂಡಿರಲಿಲ್ಲ. ನಾಲ್ಕನೇ ಪಿಚ್‌ನಿಂದ ವಾಪಸ್.

ಎರಡು ವರ್ಷ, ಎರಡು ಸೋಲು, ಒಂದು ಬಿಸಿಲಿಗೆ ಇನ್ನೊಂದು ಕತ್ತಲೆಗೆ.

ಈಗ ವಿಷಯಕ್ಕೆ ಬರ್ತೀನಿ. ಎಲ್ಲರೂ ಮಾಡುವ ತಪ್ಪು ಅಂದರೆ ತಿಂಗಳ ಸರಾಸರಿ ಉಷ್ಣಾಂಶ ನೋಡಿ ಟಿಕೆಟ್ ಬುಕ್ ಮಾಡುವುದು. ವೇಗಸ್‌ನ ಸರಾಸರಿ ಗರಿಷ್ಠ ಸೆಪ್ಟೆಂಬರ್‌ನಲ್ಲಿ 35 ಡಿಗ್ರಿ, ಅಕ್ಟೋಬರ್‌ನಲ್ಲಿ 27-28, ನವೆಂಬರ್‌ನಲ್ಲಿ 19ರ ಹತ್ತಿರ. ಬಂಡೆಗಳು ಊರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಇನ್ನೂ ಒಂದೆರಡು ಮೂರು ಡಿಗ್ರಿ ಕಮ್ಮಿ. ಇದನ್ನು ನೋಡಿದವರು ಅಕ್ಟೋಬರ್ ಅಂದರೆ ಅಕ್ಟೋಬರ್ ಅಂತ ಒಂದನೇ ತಾರೀಖಿಗೇ ಬಂದು ಇಳಿಯುತ್ತಾರೆ. ಆದರೆ ಮರುಭೂಮಿಯ ಅಕ್ಟೋಬರ್ ಒಂದೇ ತಿಂಗಳಲ್ಲ. ಮೊದಲ ವಾರ ಇನ್ನೂ 31-32, ಅಂದರೆ ಬೇಸಿಗೆಯ ಬಾಲ. ಕೊನೆಯ ವಾರ 23-24. ಈ ಎಂಟು ಡಿಗ್ರಿಯಲ್ಲೇ ಎಲ್ಲ ಇದೆ. ತಂಪಿದ್ದರೆ ಅಂಗೈ ಬೆವರುವುದಿಲ್ಲ, ಶೂ ರಬ್ಬರ್ ಕಚ್ಚಿ ಹಿಡಿಯುತ್ತದೆ, ಜಾರುವ ಭಯ ಅರ್ಧ ಆಗುತ್ತದೆ. ಅದೇ ದಾರಿ ಒಂದು ದರ್ಜೆ ಸುಲಭ ಅನ್ನಿಸುತ್ತದೆ, ಸುಳ್ಳಲ್ಲ.

ಇನ್ನು ಬೆಳಕು. ಇದನ್ನು ಊರಿಂದ ಬರುವವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಪ್ಪು ಅವರದಲ್ಲ, ನಮ್ಮ ಕಡೆ ಹಗಲು ವರ್ಷವಿಡೀ ಹೆಚ್ಚು ಕಮ್ಮಿ ಒಂದೇ ಅಲ್ವಾ. ಇಲ್ಲಿ ನವೆಂಬರ್‌ನ ಮೊದಲ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಆ ಭಾನುವಾರ ಬಂದಿರುವುದು ಸರಿಯಾಗಿ ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನ. ಶನಿವಾರ ಐದೂಮುಕ್ಕಾಲಿಗೆ ಮುಳುಗಿದ ಸೂರ್ಯ ಭಾನುವಾರ ನಾಲ್ಕೂಮುಕ್ಕಾಲಿಗೆ ಮುಳುಗುತ್ತಾನೆ. ಒಳಗಿನ 13 ಮೈಲಿಯ ಒಮ್ಮುಖ ರಸ್ತೆ ಅಕ್ಟೋಬರ್‌ನಲ್ಲಿ ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ತೆರೆದಿರುತ್ತದೆ, ಅದೂ ಅದೇ ನವೆಂಬರ್ 1ರಿಂದ ಸಂಜೆ ಐದಕ್ಕೇ ಬಂದ್. ಬೆಳಗಿನ ಕಡೆ ಒಂದು ಗಂಟೆ ವಾಪಸ್ ಸಿಗುತ್ತದಲ್ಲ ಅನ್ನಬಹುದು. ಸಿಗುವುದಿಲ್ಲ, ಗೇಟು ಆರಕ್ಕೇ ತೆರೆಯುವುದು. ಒಂದೇ ರಾತ್ರಿಯಲ್ಲಿ ದೊಡ್ಡ ದಾರಿಗಳ ಬಾಗಿಲು ಹಾಕಿದಂತೆ.

ಹಾಗಾಗಿ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಎರಡು ವಾರ ಇದ್ದರೆ ಅಕ್ಟೋಬರ್ 22ರಿಂದ ನವೆಂಬರ್ 5. ಒಂದೇ ವಾರ ಇದ್ದರೆ ಅಕ್ಟೋಬರ್‌ನ ಕೊನೆಯ ವಾರ. ಉದ್ದದ ದಾರಿಗಳೆಲ್ಲ ಗಡಿಯಾರ ತಿರುಗುವ ಮುಂಚೆ ಮುಗಿಸಬೇಕು. ಅದಾದ ಮೇಲೆ ರೆಡ್ ರಾಕ್‌ನದೇ ಕ್ಯಾಲಿಕೋ ಹಿಲ್ಸ್‌ನಲ್ಲಿ, ಹಗ್ಗ ಸಿಕ್ಕಿಸಲು ಮೊದಲೇ ಬೋಲ್ಟ್ ಹಾಕಿದ ಚಿಕ್ಕ ಚಿಕ್ಕ ಗೋಡೆಗಳು, ಬಿಸಿಲು ಬೀಳುವ ಕಡೆ, ನಾಲ್ಕಕ್ಕೆ ಚೀಲ ಕಟ್ಟಿ ಹೊರಡು.

ಯಾವ ವಾರ ಅನ್ನುವುದರ ಜೊತೆಗೆ ಯಾವ ಗೋಡೆ ಅನ್ನುವುದನ್ನೂ ಕೇಳಬೇಕು. ರೆಡ್ ರಾಕ್‌ನ ಕಣಿವೆಗಳು ಹೆಚ್ಚು ಕಮ್ಮಿ ಪೂರ್ವ-ಪಶ್ಚಿಮವಾಗಿ ಬೆಟ್ಟವನ್ನು ಸೀಳಿವೆ. ಹಾಗಾಗಿ ಪ್ರತಿ ಕಣಿವೆಯಲ್ಲೂ ಒಂದು ಗೋಡೆ ಬಿಸಿಲಿನದು, ಎದುರಿನದು ನೆರಳಿನದು. ಬ್ಲ್ಯಾಕ್ ವೆಲ್ವೆಟ್ ಕಣಿವೆಯ ಫ್ರಾಗ್‌ಲ್ಯಾಂಡ್, ಪೈನ್ ಕ್ರೀಕ್ ಕಣಿವೆಯ ಡಾರ್ಕ್ ಶ್ಯಾಡೋಸ್ ಇವೆಲ್ಲ ನೆರಳಿನ ದಾರಿಗಳು, 25 ಡಿಗ್ರಿ ಇರುವ ದಿನಕ್ಕೆ ಸ್ವರ್ಗ. ಸೋಲಾರ್ ಸ್ಲ್ಯಾಬ್ ಕಡೆಗೆ 15 ಡಿಗ್ರಿಯ ದಿನ ಹೋಗಬೇಕು. ನಾನು ಎರಡನ್ನೂ ತಿರುಗಾಮುರುಗಾ ಮಾಡಿದವನು. ಅಕ್ಟೋಬರ್ ಕೊನೆಯ ದೊಡ್ಡ ಗುಣ ಇದೇ: ಬೆಳಗ್ಗೆ ಎದ್ದು ಫೋನ್ ನೋಡಿ, ಇವತ್ತು ಬಿಸಿಲಾ ನೆರಳಾ ಅಂತ ಆರಿಸಿಕೊಳ್ಳಬಹುದು, ಎರಡೂ ನಡೆಯುತ್ತವೆ. ಬೇರೆ ವಾರಗಳಲ್ಲಿ ಅರ್ಧ ಗೋಡೆಗಳು ಲೆಕ್ಕದಿಂದ ಹೊರಗೆ. ಬ್ಲ್ಯಾಕ್ ವೆಲ್ವೆಟ್ ಆ ಒಮ್ಮುಖ ರಸ್ತೆಯ ಹೊರಗಿದೆ, ಅಲ್ಲಿ ಗೇಟಿನ ತಲೆನೋವೂ ಇಲ್ಲ. ಮಣ್ಣಿನ ದಾರಿ ಮಾತ್ರ ಹಾಳು, ತಗ್ಗು ಕಾರು ಬಾಡಿಗೆಗೆ ತೆಗೆದುಕೊಳ್ಳಬೇಡಿ.

ಮಳೆ ಬಗ್ಗೆ ಹೇಳದೆ ಬಿಟ್ಟರೆ ಪಾಪ ಬರುತ್ತೆ. ಮರುಭೂಮಿಯಲ್ಲಿ ಎಂಥಾ ಮಳೆ ಅಂತೀರ. ಬರುತ್ತೆ. ಇಲ್ಲಿಯ ಮಾನ್ಸೂನ್ ಲೆಕ್ಕ ಸೆಪ್ಟೆಂಬರ್ 30ರವರೆಗೆ, ಮಧ್ಯಾಹ್ನ ಇದ್ದಕ್ಕಿದ್ದಂತೆ ಗುಡುಗಿ ಕಣಿವೆಯಲ್ಲಿ ನೀರು ಹರಿಯುವುದೂ ಉಂಟು. ಸೆಪ್ಟೆಂಬರ್ ಬೇಡ ಅನ್ನಲು ಇದು ಇನ್ನೊಂದು ಕಾರಣ. ಆದರೆ ಶರತ್ಕಾಲದಲ್ಲೂ ಒಂದೊಂದು ಮೋಡದ ಹಿಂಡು ಬಂದು ಹೋಗುತ್ತದೆ. ರಾಮನಗರದ ಗ್ರಾನೈಟ್ ಮೇಲೆ ಕಲಿತ ನಮಗೆ ಒಂದು ಕೆಟ್ಟ ಅಭ್ಯಾಸ ಇದೆ. ಮಳೆ ನಿಂತು ಅರ್ಧ ಗಂಟೆ ಬಿಸಿಲು ಬಿದ್ದರೆ ಬಂಡೆ ಒಣಗಿತು, ಹತ್ತು ಅನ್ನುತ್ತೇವೆ. ಮರಳುಗಲ್ಲಿನಲ್ಲಿ ಅದು ನಡೆಯುವುದಿಲ್ಲ. ನೀರು ಕಲ್ಲಿನ ಒಳಗೆ ಇಳಿದು ಮರಳಿನ ಕಣಗಳನ್ನು ಹಿಡಿದಿರುವ ಅಂಟನ್ನೇ ಸಡಿಲ ಮಾಡುತ್ತದೆ. ಹೊರಗೆ ಒಣಗಿದಂತೆ ಕಾಣುವ ಹಿಡಿ ಕೈಯಲ್ಲೇ ಕಿತ್ತು ಬರಬಹುದು. ಬಿದ್ದರೆ ನಿಮ್ಮ ಕಾಲು ಹೋಗುತ್ತದೆ, ಸರಿ. ಆ ಹಿಡಿ ಮಾತ್ರ ಮುಂದೆ ಯಾರಿಗೂ ಸಿಗುವುದಿಲ್ಲ. ಕಮ್ಮಿ ಅಂದರೂ 24 ಗಂಟೆ, ಜೋರು ಮಳೆಯಾದರೆ 72 ಗಂಟೆ ಕಾಯಬೇಕು ಅನ್ನುವುದು ಇಲ್ಲಿಯ ರೂಢಿ. ಸುಲಭದ ಪರೀಕ್ಷೆ ಇದೆ. ಬುಡದ ಮಣ್ಣನ್ನು ಬೆರಳಿಂದ ಕೆದಕಿ, ಒಳಗೆ ತೇವ ಇದ್ದರೆ ಕಲ್ಲಿನೊಳಗೂ ಇದೆ ಅಂತಲೇ ತಿಳಿಯಿರಿ.

ಅದಕ್ಕೇ ಎರಡು ವಾರದ ಪ್ಲಾನ್‌ನಲ್ಲಿ ಮೂರು ದಿನ ಸುಮ್ನೆ ಖಾಲಿ ಬಿಡಬೇಕು ಅನ್ನುತ್ತೇನೆ. ಇದನ್ನು ಹೇಳಿದರೆ ಊರಿಂದ ಬರುವವರ ಮುಖ ಸಣ್ಣಗಾಗುತ್ತದೆ. ಅಷ್ಟು ದುಡ್ಡು ಕೊಟ್ಟು ಬಂದು ಸುಮ್ನೆ ಕೂರಬೇಕಾ? ಕೂರಬೇಡಿ, ಕಾರು ಹತ್ತಿ ಮೂರು ಗಂಟೆ ಓಡಿಸಿದರೆ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ. ಅಲ್ಲಿರುವುದು ಗ್ರಾನೈಟ್ ಜಾತಿಯ ಕಲ್ಲು, ಬೇಗ ಒಣಗುತ್ತದೆ, ಒದ್ದೆಯಾದರೂ ಮರಳುಗಲ್ಲಿನ ಹಾಗೆ ಬಲ ಕಳೆದುಕೊಳ್ಳುವುದಿಲ್ಲ. ಗುಂಡು ಗುಂಡು ಬಂಡೆ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ. ಹಂಪಿ ನೋಡಿದವರಿಗೆ ಬೇರೆ ವಿವರಣೆ ಬೇಡ, ತುಂಗಭದ್ರೆ ಒಂದಿಲ್ಲ ಅಷ್ಟೆ. ಕೈ ಚರ್ಮ ಮಾತ್ರ ಕಿತ್ತು ಬರುತ್ತೆ, ಟೇಪ್ ಇರಲಿ.

ಯೂಟಾದ ಇಂಡಿಯನ್ ಕ್ರೀಕ್‌ಗೂ ಇದೇ ವಾರ ಆಗುತ್ತಾ ಅಂತ ಕೇಳುತ್ತಾರೆ. ಅದು ಇನ್ನೂ ಎತ್ತರದ, ಇನ್ನೂ ಚಳಿಯ ಜಾಗ, ನವೆಂಬರ್‌ಗೆ ರಾತ್ರಿ ಬಾಟಲಿಯ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿಗೆ ಹತ್ತು ದಿನ ಮುಂಚೆ ಹೋಗಿ. ಅಲ್ಲಿ ಒಂದೇ ಅಳತೆಯ ಕ್ಯಾಮ್‌ಗಳು (ಹಗ್ಗ ಹಿಡಿಯಲು ಬಿರುಕಿನಲ್ಲಿ ಸಿಕ್ಕಿಸುವ ಸಾಧನ) ಐದಾರು ಬೇಕು, ನನ್ನ ಹತ್ತಿರ ಅಷ್ಟಿಲ್ಲ, ಕೇಳಬೇಡಿ.

ದುಡ್ಡಿನ ಮಾತು. ಸೆಪ್ಟೆಂಬರ್ ಟಿಕೆಟ್ ಅಗ್ಗ, ನಿಜ. ಆದರೆ ವೇಗಸ್‌ನ ಹೋಟೆಲ್ ದರ ಕುಣಿಯುವುದೇ ಬೇರೆ ತಾಳಕ್ಕೆ. ನವೆಂಬರ್ ಮೂರನೇ ವಾರದ ಸುಮಾರಿಗೆ ಫಾರ್ಮುಲಾ ಒನ್ ರೇಸ್ ಬರುತ್ತೆ, 2023ರಿಂದ ಶುರುವಾಗಿದ್ದು, ಊರಿನ ಬೀದಿಯಲ್ಲೇ ಕಾರು ಓಡಿಸುತ್ತಾರೆ. ಆ ವಾರ ರೂಮ್ ಹುಡುಕಲು ಹೋಗಬೇಡಿ. ವಾರಾಂತ್ಯ ಬಿಟ್ಟು ಸೋಮವಾರದಿಂದ ಗುರುವಾರ ಇದ್ದರೆ ರೂಮೂ ಅಗ್ಗ, ಬಂಡೆ ಬುಡದಲ್ಲಿ ಸಾಲೂ ಕಮ್ಮಿ. ಅಕ್ಟೋಬರ್ 1ರಿಂದ ಮೇ 31ರವರೆಗೆ ಬೆಳಗ್ಗೆ ಎಂಟರಿಂದ ಸಂಜೆ ಐದರೊಳಗೆ ಆ ಒಳರಸ್ತೆಗೆ ಕಾರು ಬಿಡಬೇಕೆಂದರೆ ಮುಂಚೆಯೇ ಸಮಯ ಬುಕ್ ಮಾಡಿರಬೇಕು. ಎಂಟಕ್ಕೆ ಮೊದಲು ಹೋದರೆ ಬುಕಿಂಗ್ ಬೇಡ. ಬಂಡೆ ಹತ್ತಲು ಬಂದವರು ಎಂಟರವರೆಗೆ ಮಲಗಿದ್ದರೆ ಅವರಿಗೆ ನನ್ನ ಸಲಹೆಯೇ ಬೇಡ.

ಇನ್ನು ಇಲ್ಲಿರುವ ಕನ್ನಡದವರಿಗೆ ಮಾತ್ರ ಇರುವ ತೊಂದರೆ ಒಂದಿದೆ: ಹಬ್ಬಗಳು. 2025ರಲ್ಲಿ ದೀಪಾವಳಿ ಅಕ್ಟೋಬರ್ 20ಕ್ಕೆ ಬಂದು ನನ್ನ ಪ್ಲಾನ್ ಮಧ್ಯಕ್ಕೇ ಕೂತಿತ್ತು. ಹೋಗುತ್ತೇನೆ ಅಂದಿದ್ದಕ್ಕೆ ಮನೆಯಲ್ಲಿ "ಎಣ್ಣೆಸ್ನಾನ ಬಂಡೆ ಮೇಲೇನಾ?" ಅಂತ ಕೇಳಿದ್ದರು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಹಬ್ಬಗಳೆಲ್ಲ ಮುಂದಕ್ಕೆ ಹೋಗಿವೆ. ದೀಪಾವಳಿ ನವೆಂಬರ್ 8ಕ್ಕೆ. ದಸರಾ ಮುಗಿಸಿ ಹೊರಟು ನೀರು ತುಂಬುವ ಹಬ್ಬಕ್ಕೆ ಮನೆಗೆ ಬಂದುಬಿಡಬಹುದು, ಯಾರ ಮುಖವೂ ಊದುವುದಿಲ್ಲ. ನಡುವೆ ಅಕ್ಟೋಬರ್ 26ರ ಹೊತ್ತಿಗೆ ಶೀಗಿ ಹುಣ್ಣಿಮೆ. ಇಳಿಯುವಾಗ ಕತ್ತಲಾದರೂ ಕಣಿವೆಯ ಕಲ್ಲುಗಳ ನಡುವೆ ದಾರಿ ಕಾಣುತ್ತೆ. ತಲೆದೀಪ ಬಿಟ್ಟು ಬನ್ನಿ ಅಂತಲ್ಲ ಮತ್ತೆ! ಆ ಹೊತ್ತಿನಲ್ಲಿ ಅಂಗೈಯಗಲದ ಟಾರಂಟುಲಾ ಜೇಡಗಳು ಹೆಣ್ಣು ಹುಡುಕಿಕೊಂಡು ದಾರಿಯಲ್ಲಿ ಓಡಾಡುತ್ತಿರುತ್ತವೆ, ಪಾಪದವು, ಕಾಲು ನೋಡಿಕೊಂಡು ಇಡಿ.

ಇಷ್ಟನ್ನೂ ಗೆಳೆಯನಿಗೆ ಕಳಿಸಿದೆ. ನೀಲಿ ಟಿಕ್ ಬಂತು, ಎರಡು ಗಂಟೆ ಸದ್ದಿಲ್ಲ. ಆಮೇಲೆ ಒಂದು ಸ್ಕ್ರೀನ್‌ಶಾಟ್. ಅಕ್ಟೋಬರ್ 21ರ ಟಿಕೆಟ್, ಹನ್ನೊಂದು ಸಾವಿರ ಜಾಸ್ತಿ. ಕೆಳಗೆ, "ಈ ಹನ್ನೊಂದು ಸಾವಿರ ನಿನ್ನ ಲೆಕ್ಕದಲ್ಲಿ" ಅಂತ ಬರೆದಿದ್ದ. ಬರುವಾಗ ಎರಡು ಕೆಜಿ ಕೊಬ್ಬರಿ ಮಿಠಾಯಿ ತಂದರೆ ಯೋಚಿಸುತ್ತೇನೆ ಅಂದಿದ್ದೇನೆ.