ಬಿಸಿಲಿಗೆ ವಿಟಮಿನ್ ಮಾತ್ರೆ ಕೊಡೆ ಹಿಡಿಯಲ್ಲ

ನಮ್ಮಲ್ಲಿ ಆ್ಯಂಟಿಬಯೋಟಿಕ್ ಒಂಟಿಯಾಗಿ ಮನೆಗೆ ಬರುವುದೇ ಕಡಿಮೆ. ಜೊತೆಗೊಂದು ಬಿ ಕಾಂಪ್ಲೆಕ್ಸ್ ಇರಲೇಬೇಕು. ಡಾಕ್ಟರು ಬರೆಯದಿದ್ದರೆ ನಾವೇ ಕೇಳಿ ತರುತ್ತೇವೆ. ಆದರೆ ಕೆಲವು ಆ್ಯಂಟಿಬಯೋಟಿಕ್ ನುಂಗುವಾಗ ಬಿಸಿಲು ಚರ್ಮವನ್ನು ಸುಡುತ್ತದೆ, ‘ಬಿಸಿಲಿಗೆ ಹೋಗಬೇಡಿ’ ಅನ್ನುವ ಮಾತು ಮಾತ್ರ ಮೆಡಿಕಲ್ ಶಾಪಿನಲ್ಲಿ ಅಪರೂಪ.

ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಗೊತ್ತಲ್ವಾ? ಮೊಡವೆಗೂ ಅದೇ, ಇಲಿಜ್ವರಕ್ಕೂ ಅದೇ. ಅದನ್ನು ನುಂಗಿದ ಮೇಲೆ ಔಷಧಿಯ ಅಂಶ ಚರ್ಮಕ್ಕೂ ತಲುಪುತ್ತದೆ. ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಎ (ಒಂದು ಬಗೆಯ ಅತಿನೇರಳೆ) ಕಿರಣವನ್ನು ಅಲ್ಲಿ ಅದು ಹೀರಿಕೊಳ್ಳುತ್ತದೆ. ಆಗ ಹುಟ್ಟುವ ಚುರುಕು ಆಮ್ಲಜನಕದ ಕಣಗಳು ಜೀವಕೋಶಗಳನ್ನು ಸುಡುತ್ತವೆ. ಮುಖ, ಕತ್ತು, ಮುಂಗೈ ಉರಿಯುತ್ತವೆ, ಕೆಲವರಿಗೆ ಗುಳ್ಳೆ ಏಳುತ್ತದೆ. ಕಪ್ಪು ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ, ಆಮೇಲೆ ಕಲೆ ಉಳಿಯುತ್ತದೆ. ಒಮ್ಮೊಮ್ಮೆ ಉಗುರೇ ಎದ್ದು ಬರುವುದೂ ಉಂಟು. ಸಾಮಾನ್ಯವಾಗಿ ಇದು ಅಲರ್ಜಿಯಲ್ಲ. ಡೋಸ್ ಜಾಸ್ತಿ, ಬಿಸಿಲು ಜಾಸ್ತಿ ಆದರೆ ಯಾರಿಗೂ ಆಗಬಹುದು. ಸಿಪ್ರೊಫ್ಲಾಕ್ಸಾಸಿನ್, ಸಲ್ಫಾ ಮಾತ್ರೆಗಳಿಂದಲೂ ಆಗುತ್ತದೆ.

ಆ ಕಣಗಳನ್ನು ತಣಿಸುವುದೇ ವಿಟಮಿನ್ ಸಿ ಮತ್ತು ಇ ಕೆಲಸ. ಹಾಗಾಗಿ ‘ಅವನ್ನೂ ನುಂಗಿದರೆ ಆಯ್ತು’ ಅನ್ನುವ ಲೆಕ್ಕ ಕೇಳಲು ಚೆನ್ನಾಗಿದೆ. 1998ರಲ್ಲಿ ಜರ್ಮನಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ದರು. ದಿನಕ್ಕೆ 2 ಗ್ರಾಂ ಸಿ, 1000 ಯೂನಿಟ್ ಇ, 8 ದಿನ. ಚರ್ಮ ಕೆಂಪಾಗಲು ಬೇಕಾದ ಯುವಿ ಪ್ರಮಾಣ ಸುಮಾರು ಶೇ. 20ರಷ್ಟು ಏರಿತು, ಅಷ್ಟೇ. ಅದೂ ಬರೀ ಬಿಸಿಲ ಸುಡುವಿಕೆಯ ಪರೀಕ್ಷೆ, ಆ್ಯಂಟಿಬಯೋಟಿಕ್ ಅದರಲ್ಲಿ ಇರಲಿಲ್ಲ. ನಾವು ಚೀಪುವ ಸಿ ಮಾತ್ರೆಯಲ್ಲಿ ಸಾಮಾನ್ಯವಾಗಿ 500 ಮಿಲಿಗ್ರಾಂ ಇರುತ್ತದೆ! ವಿಟಮಿನ್ ಇ ಇರುವ ಹಸಿರು ಕ್ಯಾಪ್ಸೂಲ್ ಚುಚ್ಚಿ ಮುಖಕ್ಕೆ ಹಚ್ಚುವವರ ಬಗ್ಗೆ ಏನೂ ಹೇಳಲ್ಲ, ಜಗಳ ಆಗುತ್ತದೆ.

ಇನ್ನೊಂದು ತಮಾಷೆ ಇದೆ. ಮಲ್ಟಿವಿಟಮಿನ್ ಮಾತ್ರೆಗಳಲ್ಲಿ ಜಿಂಕ್, ಕಬ್ಬಿಣ, ಕ್ಯಾಲ್ಸಿಯಂ ಇರುತ್ತವಲ್ಲ, ಅವು ಹೊಟ್ಟೆಯಲ್ಲೇ ಡಾಕ್ಸಿಸೈಕ್ಲಿನ್, ಸಿಪ್ರೊ ಎರಡನ್ನೂ ಹಿಡಿದುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತವೆ. ಚರ್ಮ ಉಳಿಸಲು ಹೋಗಿ ಔಷಧಿಯನ್ನೇ ಕಳೆದುಕೊಂಡ ಹಾಗೆ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಕೆಲವು ಗಂಟೆ ಬಿಡಿ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಮಲೆನಾಡು, ಕರಾವಳಿಯಲ್ಲಿ ಇಲಿಜ್ವರ ಹಿಡಿಯುವುದು ಜಾಸ್ತಿ ಗದ್ದೆ ಕೆಸರಿನಲ್ಲಿ ನಿಲ್ಲುವವರಿಗೆ. ಅವರಿಗೆ ‘ನೆರಳಲ್ಲಿರಿ’ ಅಂದರೆ ಕೂಲಿ ಕೊಡುವವರು ಯಾರು? ಕನಿಷ್ಠ ತುಂಬು ತೋಳಿನ ಅಂಗಿ, ಅಗಲ ಟೋಪಿ, ಮಧ್ಯಾಹ್ನದ ಬಿಸಿಲು ತಪ್ಪಿಸಿ ಅಂತಾದರೂ ಹೇಳಬೇಕಲ್ಲ. ಮೋಡ ಇದ್ದರೂ ಯುವಿ-ಎ ಇಳಿಯುತ್ತದೆ, ಬಸ್ಸಿನ ಕಿಟಕಿ ಗಾಜನ್ನೂ ದಾಟುತ್ತದೆ. ಸನ್‌ಸ್ಕ್ರೀನ್ ಕೊಳ್ಳುವವರು ಬರೀ ಎಸ್‌ಪಿಎಫ್ (ಚರ್ಮ ಕೆಂಪಾಗುವುದನ್ನು ಎಷ್ಟು ತಡೆಯುತ್ತದೆ ಅನ್ನುವ ಅಂಕಿ) ನೋಡಬೇಡಿ, ಯುವಿ-ಎ ತಡೆಯುತ್ತದಾ ಅಂತಲೂ ಓದಿ.

ಹಾಗಂತ ಹೆದರಿ ಮಾತ್ರೆ ಅರ್ಧಕ್ಕೆ ಬಿಡಬೇಡಿ. ಇಲಿಜ್ವರ ಕಿಡ್ನಿಗೂ ಲಿವರ್‌ಗೂ ಇಳಿಯುತ್ತದೆ. ಚರ್ಮ ಉರಿಯಲು ಶುರುವಾದರೆ ಬರೆದುಕೊಟ್ಟ ಡಾಕ್ಟರಿಗೇ ಫೋನ್ ಮಾಡಿ, ಬದಲಿ ಔಷಧಿ ಇದೆಯಾ ಕೇಳಿ.