ಬಿದನೂರಿನ ದಾರಿಯಲ್ಲಿ ಇಂಬಳವೂ ಇರಬೇಕು

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿಯ ಒಂದು ಪದ್ಧತಿ ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ದೀಪಾವಳಿ ರಜೆ ಬಂತೆಂದರೆ ಮಕ್ಕಳೆಲ್ಲ ಸೇರಿ ಅಂಗಳದ ಮೂಲೆಯಲ್ಲಿ ಮಣ್ಣಿನ ‘ಕಿಲ್ಲಾ’ ಕಟ್ಟುತ್ತಾರೆ. ಕಲ್ಲು ಪೇರಿಸಿ, ಗೋಣಿತಟ್ಟು ಹೊದಿಸಿ, ಕೆಸರು ಮೆತ್ತಿ, ಮೇಲೆ ಸಾಸಿವೆ ಚೆಲ್ಲಿದರೆ ನಾಲ್ಕೇ ದಿನಕ್ಕೆ ಕೋಟೆಯ ಮೈತುಂಬ ಹಸಿರು. ತುದಿಯಲ್ಲಿ ಶಿವಾಜಿ ಮಹಾರಾಜರ ಗೊಂಬೆ, ಬುಡದಲ್ಲಿ ಮಾವಳೆ ಸೈನಿಕರು. ಮಹಾದ್ವಾರ ಯಾವ ಕಡೆಗಿರಬೇಕು ಎಂದು ಆರನೇ ತರಗತಿಯ ಹುಡುಗರು ಜಗಳವಾಡುವುದನ್ನು ಕೇಳಬೇಕು.

ನಮ್ಮದು ಮಲೆನಾಡಿನ ಹೊಸನಗರ ತಾಲ್ಲೂಕು. ಬಿದನೂರು, ಅಂದರೆ ಈಗ ‘ನಗರ’ ಎಂದು ಕರೆಯುವ ಊರಿನ ಕೋಟೆ, ಮನೆಯಿಂದ ಬೈಕಿನಲ್ಲಿ ಅರ್ಧ ಗಂಟೆ. ಕಳೆದ ಬೇಸಿಗೆಯಲ್ಲಿ ಮಗಳನ್ನೂ ಅಣ್ಣನ ಮಗನನ್ನೂ ಅಲ್ಲಿಗೆ ಕರೆದೊಯ್ದಿದ್ದೆ. ಹುಡುಗ ‘ಕೆಳದಿ ಅರಸರು, 1499ರಿಂದ 1763, ಕೊನೆಗೆ ಹೈದರಾಲಿ’ ಎಂದು ಮಗ್ಗಿ ಒಪ್ಪಿಸಿದಂತೆ ಹೇಳಿ ಮುಗಿಸಿ ಮೊಬೈಲ್ ತೆಗೆದ. ಪರೀಕ್ಷೆಯಲ್ಲಿ ಅವನಿಗೆ ಪೂರ್ತಿ ಅಂಕ ಬಂದಿತ್ತಂತೆ. ಅಕ್ಕ-ತಂಗಿ ಕೊಳದ ಪಕ್ಕ ಕೂತು ನಾನು ಕಾಲಯಾನದ ಕಥೆ ಶುರು ಮಾಡಿದೆ: ಈ ಕೊಳಕ್ಕೆ ಬಗ್ಗಿ ನೋಡಿದವರು 1689ರಲ್ಲಿ ತಲೆಯೆತ್ತುತ್ತಾರೆ. (ಬಗ್ಗುವುದು ಕಥೆಯಲ್ಲಿ ಮಾತ್ರ ಎಂದು ಎರಡು ಸಲ ಹೇಳಬೇಕಾಯಿತು.)

ಆ ವರ್ಷವನ್ನು ಬೇಕೆಂದೇ ಆರಿಸಿಕೊಂಡಿದ್ದೆ. ಔರಂಗಜೇಬ ಶಿವಾಜಿಯ ಮಗ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ್ದ. ಸಂಭಾಜಿಯ ತಮ್ಮ ರಾಜಾರಾಮ ವೇಷ ಮರೆಸಿಕೊಂಡು ದೂರದ ತಮಿಳುನಾಡಿನ ಜಿಂಜಿ ಕೋಟೆಯತ್ತ ಹೊರಟಿದ್ದ. ಪುಣೆಯ ಮಕ್ಕಳಿಗೆ ರಾಯಗಡ ಗೊತ್ತು, ಜಿಂಜಿ ಗೊತ್ತು, ನಡುವಿನ ದಾರಿ ಖಾಲಿ. ಆ ಖಾಲಿ ಜಾಗದಲ್ಲಿ ನಮ್ಮ ಕೆಳದಿಯ ರಾಣಿ ಚೆನ್ನಮ್ಮ ನಿಂತಿದ್ದಾಳೆ. ಆಶ್ರಯ ಕೊಟ್ಟು ದಾಟಿಸಿದಳು, ಬೆನ್ನಟ್ಟಿ ಬಂದ ಮೊಘಲ್ ಸೈನ್ಯವನ್ನೂ ಎದುರಿಸಿದಳು. ಮಗಳಿಗೆ ರಾಜಾರಾಮ ಗೊತ್ತಿದ್ದ, ಹುಡುಗನಿಗೆ ಚೆನ್ನಮ್ಮ ಗೊತ್ತಿದ್ದಳು. ಇಬ್ಬರೂ ಒಂದೇ ಕಥೆಯ ಎರಡು ತುಂಡು ಹಿಡಿದುಕೊಂಡಿದ್ದರು. ಮೊಬೈಲ್ ಜೇಬಿಗೆ ಹೋಯಿತು.

ಕಾಲಯಾನದ ಕಥೆಗಳಲ್ಲಿ ನನಗೆ ಆಗದಿರುವುದು ಒಂದಿದೆ. ಹುಡುಗ ಗುಂಡಿ ಒತ್ತುತ್ತಾನೆ, ನೇರ ದರ್ಬಾರಿಗೆ ಇಳಿಯುತ್ತಾನೆ, ರಾಜನಿಗೆ ಉಪಾಯ ಹೇಳಿಕೊಟ್ಟು ಯುದ್ಧ ಗೆಲ್ಲಿಸುತ್ತಾನೆ. ಇದರಲ್ಲಿ ಇತಿಹಾಸ ಎಲ್ಲಿ ಬಂತು? ನನ್ನ ಕಥೆಯಲ್ಲಿ ಮಕ್ಕಳ ಮಾತನ್ನು ಯಾರೂ ನಂಬುವುದಿಲ್ಲ. ಮಳೆಗೆಂದು ಎಲೆಯ ಗೊರಬು ಹೊದ್ದ ಮುದುಕಿಯೊಬ್ಬಳು ಅವರನ್ನು ಗದ್ದೆಯ ಅಂಚಿನಲ್ಲಿ ನಿಲ್ಲಿಸಿ, ಮೊದಲು ಕಾಲಿಗೆ ಹತ್ತಿದ ಇಂಬಳ, ಅಂದರೆ ಕಾಡಿನ ಜಿಗಣೆ, ಬಿಡಿಸುತ್ತಾಳೆ. ಬಯಲುಸೀಮೆಯ ಕುದುರೆ ಸವಾರರ ಕಾಲಿಗೂ ಅದೇ ಗತಿ. ಈ ಕಾಡನ್ನು ನುಗ್ಗಿ ಗೆಲ್ಲುವುದು ಏಕೆ ಕಷ್ಟವಾಗಿತ್ತೆಂದು ಆಮೇಲೆ ಬೇರೆ ಪಾಠ ಮಾಡಬೇಕಾಗಲಿಲ್ಲ.

ನಾನೂ ಎಡವಿದ್ದೇನೆ. ಹಿಂದೊಮ್ಮೆ ತಾಳಗುಂದದ ಮಯೂರಶರ್ಮನಿಗೆ ಮೆಣಸಿನಕಾಯಿ ಬಜ್ಜಿ ತಿನ್ನಿಸಿಬಿಟ್ಟಿದ್ದೆ. ಅವನು ನಾಲ್ಕನೇ ಶತಮಾನದವನು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ. ಮಗಳು ಎಲ್ಲಿಯೋ ಓದಿ ಬಂದು, “ಅಪ್ಪಾ, ಹಾಗಾದರೆ ಅವರ ಸಾರಿಗೆ ಖಾರ ಎಲ್ಲಿಂದ?” ಎಂದಳು. ಕಾಳುಮೆಣಸಿನಿಂದ. ಮೆಣಸು ಎಂದರೆ ಮೊದಲು ಅದೇ, ಆಮೇಲೆ ಬಂದ ಕಾಯಿ ಅದರ ಹೆಸರನ್ನು ಎರವಲು ಪಡೆಯಿತು. ಕೆಳದಿಯವರು ಕರಾವಳಿಯ ಬಂದರುಗಳಲ್ಲಿ ವಿದೇಶಿಯರಿಗೆ ಮಾರಿದ ಮೆಣಸೂ ಅದೇ. ಒಂದು ತಪ್ಪು ಬಜ್ಜಿಯಿಂದ ಇಷ್ಟು ದೂರ ಬಂದೆವು.

ಪುಣೆಯ ಪದ್ಧತಿಗೂ ಒಂದು ಕೊರತೆಯಿದೆ ಅನ್ನಿಸುತ್ತದೆ. ಕಿಲ್ಲಾದಲ್ಲಿ ಮಹಾರಾಜರಿಗೆ ಜಾಗವಿದೆ, ಕಂದಾಯ ಕೊಟ್ಟವನಿಗೆ ಅಷ್ಟಾಗಿ ಇಲ್ಲ. ಮಲೆನಾಡಿನ ಕಥೆಗೆ ಕೆಳದಿಯ ಅರಸ ಶಿವಪ್ಪನಾಯಕನ ‘ಶಿಸ್ತು’, ಅಂದರೆ ಕಂದಾಯ ಗೊತ್ತುಮಾಡಿದ ಪದ್ಧತಿ, ಇದೆ. ಊರೂರಿನಲ್ಲೂ ಒಂದೊಂದು ದರ್ಜೆಯ ಒಂದೊಂದು ಗದ್ದೆಯನ್ನು ತಾನೇ ಸಾಗುವಳಿ ಮಾಡಿಸಿ, ಬೀಜ ಎಷ್ಟು, ಕೂಲಿ ಎಷ್ಟು, ಬೆಳೆ ಎಷ್ಟು ಎಂದು 12 ವರ್ಷ ಲೆಕ್ಕ ಬರೆಸಿ, ಆಮೇಲೆ ಕಂದಾಯ ಗೊತ್ತುಮಾಡಿದನಂತೆ. ಉತ್ತಮದಿಂದ ಅಧಮಾಧಮದವರೆಗೆ ಭೂಮಿಗೆ ಐದು ದರ್ಜೆ. ಮರುದಿನದ ಕಥೆಯಲ್ಲಿ ಇಬ್ಬರನ್ನೂ ಆ ಲೆಕ್ಕದವನ ಕೈಯಾಳಾಗಿ ಕಳಿಸಿದೆ. ಅಣ್ಣನ ಮಗ ಸಂಜೆ ತಮ್ಮ ಗದ್ದೆಗೆ ಹೋದ. ಅವನು ಬಂದು, “ಚಿಕ್ಕಪ್ಪಾ, ನಮ್ಮ ಮೇಲಿನ ಗದ್ದೆ ಅಧಮಾಧಮವೇ” ಎಂದ. ಅಣ್ಣನಿಗೆ ಸಿಟ್ಟು ಬಂತು.

ಈ ದೀಪಾವಳಿಗೆ ಪುಣೆಯಲ್ಲಿ ಮಗಳು ಬಿದನೂರು ಕಟ್ಟಿದಳು. ಸಾಸಿವೆ ಒತ್ತೊತ್ತಾಗಿ ಚೆಲ್ಲಿ ಕಾಡು ಬೆಳೆಸಿದಳು. ಇದು ಯಾರ ಕಿಲ್ಲಾ ಎಂದು ಕೇಳಿದ ಹುಡುಗರಿಗೆ ರಾಜಾರಾಮ ಬಂದ ಕಥೆ ಹೇಳಿದಳು. ಎಲ್ಲ ಕೇಳಿಯಾದ ಮೇಲೆ ಪಕ್ಕದ ಮನೆಯ ಹುಡುಗ ಒಳಗೆ ಓಡಿಹೋಗಿ ಕಪ್ಪು ಉಲ್ಲನ್ ದಾರ ತಂದ. ಇಬ್ಬರೂ ಕೂತು ಅದನ್ನು ಚೂರುಚೂರಾಗಿ ಕತ್ತರಿಸಿ, ಗೊಂಬೆ ಕುದುರೆಗಳ ಕಾಲಿಗೆ ಒಂದೊಂದಾಗಿ ಅಂಟಿಸಿದರು.